ಗ್ರೂಪಿನಲ್ಲಿ ಕನ್ನಡ: ತಪ್ಪು ಎಲ್ಲಿಂದ ಬರುತ್ತದೆ, ತಿದ್ದುವುದು ಹೇಗೆ

"ನಮ್ಮ ಹೊಸ ಮನೆಯ ಗ್ರಹಪ್ರವೇಶಕ್ಕೆ ತಮಗೆಲ್ಲ ಹಾದರದ ಸ್ವಾಗತ."

ವಾಟ್ಸ್‌ಆ್ಯಪ್ ಗ್ರೂಪಿಗೆ ಬಂದ ಈ ಸಾಲಿನಲ್ಲಿ ಎರಡು ತಪ್ಪುಗಳಿವೆ, ಎರಡೂ ಒಂದೇ ಜಾತಿಯವಲ್ಲ. 'ಗೃಹ' ಎಂದರೆ ಮನೆ, 'ಗ್ರಹ' ಎಂದರೆ ಶನಿ, ಮಂಗಳ. ಋಕಾರ ಕೊಡುವುದು ಹೇಗೆಂದು ಗೊತ್ತಾಗದೆ ಕೀಬೋರ್ಡ್ ಕೊಟ್ಟಿದ್ದನ್ನೇ ಒಪ್ಪಿಕೊಂಡದ್ದರಿಂದ ಮೊದಲನೆಯದು ಆಯಿತು. 'ಆದರ'ಕ್ಕೆ ಹ ಅಂಟಿದ್ದು ನಾಲಿಗೆಯ ತಪ್ಪು. ಮಾತಿನಲ್ಲಿ ಹಕಾರ ಬಿಡುವ ರೂಢಿ ಇರುವವರು ಬರೆಯಲು ಕೂತಾಗ ಎಚ್ಚರಿಕೆ ಹೆಚ್ಚಾಗಿ, ಬೇಡದ ಕಡೆಯೂ ಹ ಹಾಕುತ್ತಾರೆ. ಕೀಬೋರ್ಡಿನ ತಪ್ಪಿಗೆ ವ್ಯಾಕರಣ ಪಾಠ ಹೇಳಿದರೆ ಉಪಯೋಗವಿಲ್ಲ, ನಾಲಿಗೆಯ ತಪ್ಪಿಗೆ ಆ್ಯಪ್ ಬದಲಿಸಿದರೂ ಉಪಯೋಗವಿಲ್ಲ. ಆದ್ದರಿಂದ ಮೊದಲು ತಪ್ಪಿನ ಮೂಲ ಹಿಡಿಯಬೇಕು.

ಕೀಬೋರ್ಡ್ ಮಾಡುವ ತಪ್ಪುಗಳು

ಫೋನಿನಲ್ಲಿ ಬಹಳ ಮಂದಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುತ್ತಾರೆ. ಇದು ವೇಗದ ದಾರಿ, ಆದರೆ ಊಹೆಯ ದಾರಿ. ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರ, ಇಂಗ್ಲಿಷಿನಲ್ಲಿ 26. ಎಲ್ ಒತ್ತಿದರೆ ಅದು ಲ ಆಗಬಹುದು, ಳ ಆಗಬಹುದು. ಎನ್ ಒತ್ತಿದರೆ ನ ಅಥವಾ ಣ. ಕೀಬೋರ್ಡ್ ತನ್ನ ಪದಕೋಶ ನೋಡಿ ಯಾವುದೋ ಒಂದನ್ನು ಮುಂದಿಡುತ್ತದೆ. ಬಳಕೆಯ ಪದಗಳಲ್ಲಿ ಸರಿ ಹೋಗುತ್ತದೆ, ಊರಿನ ಹೆಸರು, ಮನೆತನದ ಹೆಸರು, ಅಡುಗೆಯ ಪದ ಬಂದಾಗ ಎಡವುತ್ತದೆ. ಸಾರಿಗೆ ಹುಣಸೆ ಹುಳಿ ಹಾಕಿ ಎನ್ನುವ ಜಾಗದಲ್ಲಿ ಹುಲಿ ಬಂದು ಕೂರುವುದು ಹೀಗೆ.

ಗೂಗಲ್ಲಿನ ಕೀಬೋರ್ಡ್ ಆ್ಯಪ್ ಜಿಬೋರ್ಡ್ ಬಳಸುವವರು ಸೆಟ್ಟಿಂಗ್ಸಿನಲ್ಲಿ ಭಾಷೆಗಳ ಪಟ್ಟಿಗೆ ಹೋಗಿ ಕನ್ನಡ ಸೇರಿಸುವಾಗ, ಕನ್ನಡ ಅಕ್ಷರಗಳೇ ಕಾಣುವ ವಿನ್ಯಾಸವನ್ನೂ ಜತೆಗೆ ಆರಿಸಿಕೊಳ್ಳಿ. ಮೊದಮೊದಲು ನಿಧಾನ, ಕೈ ಒಗ್ಗಿದ ಮೇಲೆ ಊಹೆಯ ಕಾಟ ಇರುವುದಿಲ್ಲ. ಕಂಪ್ಯೂಟರಿನಲ್ಲಿ ಬರೆಯುವವರಿಗೆ ಕೆ.ಪಿ. ರಾವ್ ರೂಪಿಸಿದ ಕೀಲಿ ವಿನ್ಯಾಸವೇ ಒಳ್ಳೆಯದು. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಎನ್ ನ, ಶಿಫ್ಟ್ ಜತೆ ಣ. ಎಲ್ ಲ, ಶಿಫ್ಟ್ ಜತೆ ಳ. ಒತ್ತಕ್ಷರ ಬೇಕಾದಾಗ ನಡುವೆ ಎಫ್. ಶಿಫ್ಟ್ ಇಲ್ಲದೆ ಒಂದೇ ಅಕ್ಷರ, ಶಿಫ್ಟ್ ಜತೆ ಒಂದೇ ಅಕ್ಷರ, ಹಾಗಾಗಿ ಬೆರಳು ಕಲಿತದ್ದು ತಪ್ಪುವುದಿಲ್ಲ.

ಇಂಗ್ಲಿಷ್ ಅಕ್ಷರದ ದಾರಿಯನ್ನೇ ಹಿಡಿಯುವವರು ಒಂದು ಅಭ್ಯಾಸ ಮಾಡಿಕೊಂಡರೆ ಅರ್ಧ ತಪ್ಪು ಕಡಿಮೆಯಾಗುತ್ತದೆ: ಸ್ಪೇಸ್ ಒತ್ತುವ ಮೊದಲು ಪದ ನೋಡಿ, ಮೇಲಿನ ಪಟ್ಟಿಯಲ್ಲಿ ಸರಿಯಾದದ್ದಿದ್ದರೆ ಅದನ್ನು ಮುಟ್ಟಿ. ಪದೇ ಪದೇ ತಪ್ಪಾಗುವ ಹೆಸರುಗಳನ್ನು ಕೀಬೋರ್ಡಿನ ಪರ್ಸನಲ್ ಡಿಕ್ಷನರಿಗೆ ಸೇರಿಸಿಡಿ.

'ಬೆಂಗಳೂರು ನಲ್ಲಿ', 'ಶಾಲೆ ಗೆ', 'ಕರ್ನಾಟಕ ದ' ಎಂದು ಒಡೆದು ಬರೆದದ್ದನ್ನು ದಿನವೂ ನೋಡುತ್ತೀರಿ. ಬರೆದವರಿಗೆ ವಿಭಕ್ತಿ ಗೊತ್ತಿಲ್ಲವೆಂದಲ್ಲ. ಪಟ್ಟಿಯಲ್ಲಿ 'ಬೆಂಗಳೂರು' ಮುಟ್ಟಿದ ಕೂಡಲೇ ಕೀಬೋರ್ಡ್ ತಾನೇ ಒಂದು ಸ್ಪೇಸ್ ಸೇರಿಸುತ್ತದೆ, ಪ್ರತ್ಯಯ ಆಚೆ ಬೀಳುತ್ತದೆ. ಇಡೀ ಪದವನ್ನು, 'ಬೆಂಗಳೂರಿನಲ್ಲಿ' ಎಂದೇ, ಒಂದೇ ಉಸಿರಿಗೆ ಒತ್ತಿ ಆಮೇಲೆ ಆರಿಸಿ.

ಇನ್ನು ಕಣ್ಣಿಗೆ ಕಾಣದ ತಪ್ಪು ಎರಡಿವೆ. ಅರ್ಕಾವೊತ್ತು ಸಿಗದವರು ಕನ್ನಡದ ಒಂಬತ್ತನ್ನು ತಂದು 'ಕನಾ೯ಟಕ', 'ಅಥ೯' ಎಂದು ಬರೆಯುತ್ತಾರೆ. ಅನುಸ್ವಾರದ ಬದಲು ಸೊನ್ನೆ ಅಂಕಿ ಹಾಕಿ 'ಬೆ೦ಗಳೂರು' ಎನ್ನುತ್ತಾರೆ. ನೋಡಲು ಹೆಚ್ಚುಕಡಿಮೆ ಒಂದೇ, ಆದರೆ ಯಂತ್ರಕ್ಕೆ ಅದು ಅಕ್ಷರದ ನಡುವೆ ಸಿಕ್ಕಿಕೊಂಡ ಅಂಕಿ. ನಾಳೆ ಯಾರಾದರೂ 'ಕರ್ನಾಟಕ' ಎಂದು ಹುಡುಕಿದರೆ ನಿಮ್ಮ ಮೆಸೇಜು ಸಿಗುವುದೇ ಇಲ್ಲ. ಅರ್ಕಾವೊತ್ತು ಕಣ್ಣಿಗೆ ಅಕ್ಷರದ ಆಮೇಲೆ ಕಂಡರೂ ಉಚ್ಚಾರದಲ್ಲಿ ಮೊದಲು ಬರುತ್ತದೆ. ಒತ್ತುವುದೂ ಉಚ್ಚಾರದ ಕ್ರಮದಲ್ಲೇ: ಮೊದಲು ರ, ಆಮೇಲೆ ಅರ್ಧಾಕ್ಷರದ ಚಿಹ್ನೆ, ಆಮೇಲೆ ನಾ. ಉಳಿದದ್ದನ್ನು ಫೋನೇ ಜೋಡಿಸಿಕೊಳ್ಳುತ್ತದೆ.

ಇಂಗ್ಲಿಷ್ ಪದಕ್ಕೆ ಪ್ರತ್ಯಯ ಸೇರಿಸುವಾಗ 'ಬ್ಯಾಂಕ್ನಲ್ಲಿ' ಎಂದು ಒತ್ತಕ್ಷರ ಅಂಟಿಕೊಳ್ಳುತ್ತದೆ. 'ಬ್ಯಾಂಕ್‌ನಲ್ಲಿ' ಎಂದು ಬಿಡಿಸಿ ಬರೆಯಲು ನಡುವೆ ಒಂದು ಅದೃಶ್ಯ ಚಿಹ್ನೆ ಬೇಕು, ಅದು ಎಲ್ಲ ಕೀಬೋರ್ಡಿನಲ್ಲೂ ಸುಲಭವಾಗಿ ಸಿಗುವುದಿಲ್ಲ. ಅದಕ್ಕೆ ಪರದಾಡುವುದಕ್ಕಿಂತ ಕನ್ನಡ ಮೊದಲಿನಿಂದ ಮಾಡಿಕೊಂಡು ಬಂದದ್ದನ್ನೇ ಮಾಡಿ. ಪದದ ಕೊನೆಗೆ ಸ್ವರ ಸೇರಿಸಿ: ಬ್ಯಾಂಕಿನಲ್ಲಿ, ಬಸ್ಸಿಗೆ, ಫೋನಿನಿಂದ, ಗ್ರೂಪಿಗೆ. ಬರೆಯಲೂ ಸುಲಭ, ಓದಲೂ ಹಿತ.

ನಾಲಿಗೆ ಮಾಡುವ ತಪ್ಪುಗಳು

ಅ-ಹ ಗೊಂದಲಕ್ಕೆ ಒಂದು ಹಳೆಯ ಕೀಲಿಕೈ ಇದೆ. ಹಳಗನ್ನಡದ ಪದದ ಮೊದಲ ಪಕಾರ ಹೊಸಗನ್ನಡದಲ್ಲಿ ಹಕಾರವಾಯಿತು: ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪತ್ತು ಹತ್ತಾಯಿತು. ತಮಿಳು, ತೆಲುಗಿನಲ್ಲಿ ಆ ಪ ಇನ್ನೂ ಉಳಿದಿದೆ. ಹಾಗಾಗಿ ಅನುಮಾನ ಬಂದಾಗ ಪಕ್ಕದ ಭಾಷೆಯ ಪದ ನೆನಪಿಸಿಕೊಳ್ಳಿ. ಹಣಕ್ಕೆ ತಮಿಳಿನಲ್ಲಿ ಪಣಂ, ಆದ್ದರಿಂದ ಹ. ಅಕ್ಕಿಗೆ ಅರಿಸಿ, ಎಲೆಗೆ ಇಲೈ, ಅಲ್ಲಿ ಪ ಇಲ್ಲ, ಆದ್ದರಿಂದ ಹ ಬೇಡ. ಈ ಉಪಾಯ ಅಚ್ಚಗನ್ನಡ ಪದಗಳಿಗೆ ಮಾತ್ರ. 'ಆದರ', 'ಹಾರ್ದಿಕ' ಸಂಸ್ಕೃತದಿಂದ ಬಂದವು, ಅವನ್ನು ಹಾಗೇ ನೆನಪಿಡಬೇಕು. ಹಾರ್ದಿಕ ಎಂದರೆ ಹೃದಯದಿಂದ ಬಂದದ್ದು, ಹೃದಯದಲ್ಲಿ ಹ ಇದೆ.

ಮಹಾಪ್ರಾಣ ಹತ್ತೇ ಹತ್ತು. ಅಚ್ಚಗನ್ನಡ ಪದಗಳಲ್ಲಿ ಅವು ಇಲ್ಲವೆನ್ನುವಷ್ಟು ಅಪರೂಪ, ಉದ್ದ, ಮುದ್ದು, ಗುದ್ದು ಎಲ್ಲಕ್ಕೂ ಬರಿಯ ದ ಸಾಕು. ಸಂಸ್ಕೃತ ಪದದಲ್ಲಿ ದ, ಧ ದಂಥ ಜೋಡಿ ಒಂದಕ್ಕೊಂದು ಒತ್ತಾಗಿ ಬಂದರೆ ಮೇಲಿನದು ಅಲ್ಪಪ್ರಾಣ, ಒತ್ತು ಮಹಾಪ್ರಾಣ: ಬುದ್ಧಿ, ಯುದ್ಧ, ಶ್ರದ್ಧೆ. ಹೆದರಿ ಎಲ್ಲ ಕಡೆ ಹೊಟ್ಟೆ ಸೀಳುವುದೂ ತಪ್ಪೇ. 'ವಿಧ್ಯಾರ್ಥಿ' ಅಲ್ಲ, ವಿದ್ಯಾರ್ಥಿ. 'ಧೀರ್ಘ' ಅಲ್ಲ, ದೀರ್ಘ. ಅರ್ಥವೇ ಕೆಡುವ ಜೋಡಿಗಳನ್ನು ಮಾತ್ರ ಬಾಯಿಪಾಠ ಮಾಡಿಕೊಳ್ಳಿ. ಧನ ದುಡ್ಡು, ದನ ಕೊಟ್ಟಿಗೆಯಲ್ಲಿರುವುದು. ಮಧ್ಯ ನಡು, ಮದ್ಯ ಬಾಟಲಿಯಲ್ಲಿರುವುದು. 'ಸಹಾಯದನ'ವನ್ನು 'ಮದ್ಯರಾತ್ರಿ'ಯೊಳಗೆ ಕಳಿಸಿ ಎಂದು ಸಂಘದ ಕಾರ್ಯದರ್ಶಿ ಬರೆದರೆ ಜನ ನಗದೆ ಏನು ಮಾಡುತ್ತಾರೆ?

ಷ್ಟ, ಷ್ಠ ಎರಡರ ನಡುವೆ ಗೆರೆ ಎಳೆಯುವುದು ಸುಲಭ. 'ಎಲ್ಲಕ್ಕಿಂತ' ಎಂಬ ಅರ್ಥ ಇದ್ದರೆ ಷ್ಠ: ಶ್ರೇಷ್ಠ, ಕನಿಷ್ಠ, ಗರಿಷ್ಠ, ಜ್ಯೇಷ್ಠ. ಕಷ್ಟ, ನಷ್ಟ, ಇಷ್ಟ, ಸ್ಪಷ್ಟ, ವಿಶಿಷ್ಟ ಇವಕ್ಕೆಲ್ಲ ಷ್ಟ. ನಿಷ್ಠೆಯಂಥ ಕೆಲವು ಪದಗಳು ಈ ಗೆರೆ ದಾಟುತ್ತವೆ, ಅವನ್ನು ಬಿಡಿಯಾಗಿ ಕಲಿಯಿರಿ.

ಣಕಾರ, ಳಕಾರಗಳಿಂದ ಕನ್ನಡದಲ್ಲಿ ಪದ ಶುರುವಾಗುವುದಿಲ್ಲ, ಮೊದಲ ಅಕ್ಷರದಲ್ಲಿ ಆ ಚಿಂತೆ ಬೇಡ. ಸಂಸ್ಕೃತ ಪದದೊಳಗೆ ಹಿಂದೆ ರ, ಷ ಅಥವಾ ಋ ಇದ್ದರೆ ಮುಂದಿನ ನ ಸಾಮಾನ್ಯವಾಗಿ ಣ ಆಗುತ್ತದೆ: ಕಾರಣ, ಪ್ರಮಾಣ, ಭಾಷಣ. ನಡುವೆ ಚ, ಟ, ತ ವರ್ಗದ ಅಕ್ಷರವೋ ಶ, ಸ, ಲ ಗಳಲ್ಲೊಂದೋ ಅಡ್ಡ ಬಂದರೆ ನ ಹಾಗೇ ಉಳಿಯುತ್ತದೆ: ರಚನೆ, ದರ್ಶನ, ವರ್ತನೆ. 'ಉದ್ಘಾಟಣೆ' ಎಂದು ಫ್ಲೆಕ್ಸಿನಲ್ಲಿ ಕಂಡರೆ ಹಿಂದೆ ರ, ಷ ಎಲ್ಲಿದೆ ಎಂದು ಹುಡುಕಿ. ಇಲ್ಲ, ಆದ್ದರಿಂದ ಉದ್ಘಾಟನೆ.

ಶುಭಾಶಯಕ್ಕೆ ಷ ಹಾಕುವವರಿಗೆ ಒಂದೇ ಮಾತು: ಪದ ಬಿಡಿಸಿ. ಶುಭ, ಆಶಯ. ಶ್ರದ್ಧಾಂಜಲಿಯೂ ಹಾಗೆ: ಶ್ರದ್ಧಾ, ಅಂಜಲಿ. ಸಾವಿನ ಸುದ್ದಿಯ ಕೆಳಗೆ ಹಾಕುವ ಸಾಲನ್ನಾದರೂ ಎರಡು ಸಲ ಓದಿ ಕಳಿಸಿ.

ವಾಕ್ಯ ಮತ್ತು ಮರ್ಯಾದೆ

ಕನ್ನಡದಲ್ಲಿ ಮರ್ಯಾದೆ ಕೂತಿರುವುದು ಕ್ರಿಯಾಪದದ ಬಾಲದಲ್ಲಿ. 'ಅಧ್ಯಕ್ಷರು ಹೇಳಿದ' ಎಂದರೆ ವ್ಯಾಕರಣವೂ ಕೆಟ್ಟಿತು, ಅಧ್ಯಕ್ಷರ ಮುಖವೂ ಕೆಟ್ಟಿತು. ಇನ್ನೂ ಅಪಾಯದ್ದು 'ನಿಮ್ಮ', 'ನಿನ್ನ' ಜೋಡಿ. ನಡುವಿನ ಒಂದು ಒತ್ತಕ್ಷರ ಬಿಟ್ಟರೆ ಎರಡೂ ಒಂದೇ, ಪಟ್ಟಿಯಲ್ಲೂ ಅಕ್ಕಪಕ್ಕ ಕೂರುತ್ತವೆ. "ನಿನ್ನ ಸಲಹೆ ಬೇಕಿತ್ತು ಸರ್" ಎಂದು ಹೋದರೆ ಆ ಕಡೆಯವರು ಕೀಬೋರ್ಡನ್ನು ಬೈಯುವುದಿಲ್ಲ. ಪರಿಚಯ ಇಲ್ಲದವರಿಗೆ, ವಾದ ಎಷ್ಟೇ ಬಿಸಿಯಾದರೂ, ನೀವು ಎಂದೇ ಬರೆಯಿರಿ. ಜಗಳ ದಾರಿ ತಪ್ಪುವ ಗಳಿಗೆ ಯಾವುದೆಂದರೆ ಒಬ್ಬರು ಏಕವಚನಕ್ಕೆ ಇಳಿಯುವುದು. ಆಮೇಲೆ ವಿಷಯ ಯಾವುದಿತ್ತೆಂದು ಯಾರಿಗೂ ನೆನಪಿರುವುದಿಲ್ಲ.

'ಗಿಡಗಳು ಇದೆ' ಅಲ್ಲ, ಇವೆ. 'ಅವರುಗಳು' ಬೇಡ, ಅವರಿಗೆ ಆಗಲೇ ಬಹುವಚನ ಇದೆ. ಇವು ಸಣ್ಣವು. ದೊಡ್ಡ ತೊಂದರೆ ಚುಕ್ಕಿ ಇಲ್ಲದ ಉದ್ದ ಮೆಸೇಜಿನದ್ದು, ಅದರಲ್ಲೂ ಮಾತನಾಡಿ ಟೈಪ್ ಮಾಡಿಸಿದ್ದು. ಒಂದು ಮಾದರಿ ನೋಡಿ:

"ನಾಳೆ ನೀರು ಬರಲ್ಲ ಟ್ಯಾಂಕರ್ ಹೇಳಿದೆ ಎಲ್ಲರೂ ದುಡ್ಡು ಕೊಡಬೇಕು ಬೆಳಿಗ್ಗೆ ಬರುತ್ತೆ"

ಹೇಳಿದ್ದು ಯಾರು? ಬೆಳಿಗ್ಗೆ ಬರುವುದು ನೀರೋ ಟ್ಯಾಂಕರೋ? ದುಡ್ಡು ಎಷ್ಟು? ಹತ್ತು ಮಂದಿ ಹತ್ತು ಪ್ರಶ್ನೆ ಕೇಳಿ ಗ್ರೂಪು ತುಂಬುತ್ತದೆ. ಇದನ್ನೇ ಹೀಗೆ ಬರೆಯಬಹುದು:

"ನಾಳೆ ಗುರುವಾರ ನಲ್ಲಿಯಲ್ಲಿ ನೀರು ಬರುವುದಿಲ್ಲ. ಟ್ಯಾಂಕರಿನವರಿಗೆ ಹೇಳಿದ್ದೇನೆ, ಬೆಳಿಗ್ಗೆ 7ಕ್ಕೆ ಬರುತ್ತಾರೆ. ಮನೆಗೆ 150 ರೂಪಾಯಿ. ಇಂದು ರಾತ್ರಿಯೊಳಗೆ ಕೊಡಿ."

ಆಡುಮಾತಿನಲ್ಲಿ ಬರೆದರೂ ತಪ್ಪೇನಿಲ್ಲ. 'ಬರಲ್ಲ', 'ಹೇಳಿದೀನಿ' ಎಂದೇ ಬರೆಯಿರಿ. ಒಂದೇ ಪದದಲ್ಲಿ ಎರಡನ್ನೂ ಬೆರೆಸಿ 'ಮಾಡುತ್ತೀನಿ' ಎನ್ನಬೇಡಿ ಅಷ್ಟೆ: ಒಂದೋ ಮಾಡ್ತೀನಿ, ಇಲ್ಲವೇ ಮಾಡುತ್ತೇನೆ.

ಬೇರೆಯವರನ್ನು ತಿದ್ದುವಾಗ

ಮೊದಲು ಅದು ತಪ್ಪೇ ಎಂದು ನೋಡಿ. 'ನಾಳೆ ಮೀಟಿಂಗ್ ಉಂಟು' ಎಂದವರು ಕರಾವಳಿಯವರು, 'ಮಾಡಾಕತ್ತೀನ್ರಿ' ಎಂದವರು ಧಾರವಾಡದ ಕಡೆಯವರು. ಅವು ತಪ್ಪಲ್ಲ, ಊರು. 'ಕತೆ' ಎಂದರೂ 'ಕಥೆ' ಎಂದರೂ ನಡೆಯುತ್ತದೆ. ಆಮೇಲೆ, ಅರ್ಥ ಕೆಟ್ಟಿದೆಯೇ, ಇಲ್ಲವೇ ಆ ಬರಹ ಅಚ್ಚಿಗೆ ಹೋಗುತ್ತದೆಯೇ ಎಂದು ನೋಡಿ. ಎರಡೂ ಅಲ್ಲದಿದ್ದರೆ ಸುಮ್ಮನಿರಿ. ಕನ್ನಡ ಕಲಿಯುತ್ತಿರುವವರು ಕಷ್ಟಪಟ್ಟು ಬರೆದ ಮೊದಲ ಸಾಲಿಗೆ ನಾಲ್ಕು ಮಂದಿ ತಿದ್ದುಪಡಿ ಹಾಕಿದರೆ ಎರಡನೆಯ ಸಾಲು ಇಂಗ್ಲಿಷಿನಲ್ಲಿ ಬರುತ್ತದೆ.

ತಿದ್ದಲೇಬೇಕಾದರೆ ಮೆಲ್ಲನೆಯ ದಾರಿ ಒಂದಿದೆ: ಉತ್ತರಿಸುವಾಗ ಆ ಪದವನ್ನು ಸರಿಯಾಗಿ ಬಳಸಿಬಿಡಿ. "ಗೃಹಪ್ರವೇಶಕ್ಕೆ ಖಂಡಿತ ಬರುತ್ತೇವೆ." ಬಹಳ ಸಲ ಇಷ್ಟರಲ್ಲೇ ಕೆಲಸ ಮುಗಿಯುತ್ತದೆ. ಮುಗಿಯದಿದ್ದರೆ ವಾಟ್ಸ್‌ಆ್ಯಪಿನಲ್ಲಿ ಆ ಮೆಸೇಜಿಗೆ ಖಾಸಗಿಯಾಗಿ ಉತ್ತರಿಸುವ ಅವಕಾಶ ಇದೆ. ತಪ್ಪು, ಸರಿ ಎರಡನ್ನೂ ಬರೆದು ಒಂದು ಸಾಲಿನಲ್ಲಿ ಮುಗಿಸಿ. ಕಾರಣ ಕೇಳಿದರೆ ಮಾತ್ರ ಹೇಳಿ. ಬೇಗ ಹೇಳಿದಷ್ಟೂ ಒಳ್ಳೆಯದು, ಕಳಿಸಿದ 15 ನಿಮಿಷದೊಳಗೆ ಅವರೇ ಎಡಿಟ್ ಮಾಡಿಕೊಳ್ಳಬಹುದು. ವಾದದ ನಡುವೆ ಮಾತ್ರ ಕಾಗುಣಿತ ಎತ್ತಲೇಬೇಡಿ. ಎದುರಿನವರ ಮಾತಿಗೆ ನಿಮ್ಮಲ್ಲಿ ಉತ್ತರ ಇಲ್ಲವೆಂದೇ ಓದುವವರು ತಿಳಿಯುತ್ತಾರೆ. ನಿಮ್ಮ ತಿದ್ದುಪಡಿಯಲ್ಲೇ ತಪ್ಪಿದ್ದರಂತೂ ಮುಗಿಯಿತು.

ನಿಮ್ಮದೇ ತಪ್ಪನ್ನು ಯಾರಾದರೂ ತೋರಿಸಿದರೆ ಎಡಿಟ್ ಮಾಡಿ, 'ತಿದ್ದಿದ್ದೇನೆ' ಎಂದು ಹೇಳಿ ಮುಂದೆ ಹೋಗಿ. 15 ನಿಮಿಷ ದಾಟಿದ್ದರೆ ಕೆಳಗೆ ಸರಿಯಾದ ಪದವೊಂದನ್ನೇ ಬರೆದು ಹಾಕಿ. ಉತ್ತರಗಳು ಬಂದ ಮೇಲೆ ಮೂಲ ಮೆಸೇಜು ಅಳಿಸಿದರೆ ಕೆಳಗಿನ ಮಾತುಕತೆಗೆ ತಲೆಯೇ ಇರುವುದಿಲ್ಲ. ಹಾದರದ ಸ್ವಾಗತ ಕೋರಿದ್ದರೆ ಮಾತ್ರ ಹಿಂದೆಮುಂದೆ ನೋಡದೆ ಅಳಿಸಿಬಿಡಿ.