ಬೆಟ್ಟದ ಕೆರೆಯ ನೀರು ಎಲ್ಲಿ ಕೆಡುತ್ತಿದೆ ಅಂತ ಕಂಡುಹಿಡಿಯುವುದು ಹೇಗೆ?

ಊಟಿಗೆ ಹೋದವರು ಕೆರೆಯಲ್ಲಿ ದೋಣಿ ಹತ್ತದೆ ಬರುವುದಿಲ್ಲ ಅಲ್ವಾ? ಆ ನೀರು ಯಾಕೆ ಕೆಟ್ಟಿದೆ ಅಂತ ಕೇಳುವವರು ಮಾತ್ರ ಕಡಿಮೆ. 1820ರ ದಶಕದಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ತೊರೆಗಳಿಗೆ ಕಟ್ಟೆ ಹಾಕಿಸಿ ಮಾಡಿದ ಕೆರೆ ಇದು. ಈಗ ಬಸ್ ಸ್ಟ್ಯಾಂಡ್, ರೇಸ್ ಕೋರ್ಸ್ ಇರುವ ಜಾಗವೂ ಆಗ ಕೆರೆಯೇ. ಊರೊಳಗಿಂದ ಬರುವ ಕೋಡಪ್ಪಮಂದು ಕಾಲುವೆ ಕೊಳಚೆಯನ್ನೂ ಹೊತ್ತು ತಂದು ಇದಕ್ಕೇ ಸುರಿಯುತ್ತದೆ. ಹಾಗಾಗಿ ಕೆರೆಯ ನಡುವಿಂದ ಒಂದು ಬಾಟಲಿ ನೀರು ತಂದು ಪರೀಕ್ಷೆ ಮಾಡಿಸಿದರೆ ಸಾಲದು. ನೀರು ಒಳಗೆ ಬರುವ ಬಾಯಿಗಳಿಂದಲೇ ಶುರು ಮಾಡಬೇಕು.

ಮೊದಲ ದಿನ ಏನೂ ಅಳೆಯಬೇಡಿ, ಸುಮ್ನೆ ದಡದ ಸುತ್ತ ನಡೆಯಿರಿ. ತೊರೆ, ಚರಂಡಿ, ಪೈಪು ಎಲ್ಲೆಲ್ಲಿ ಬಂದು ಸೇರುತ್ತವೆ, ಕುದುರೆಗಳು ಎಲ್ಲಿ ನಿಲ್ಲುತ್ತವೆ, ಮೇಲಿನ ಇಳಿಜಾರಿನಲ್ಲಿ ಕ್ಯಾರೆಟ್, ಆಲೂಗಡ್ಡೆ ಹೊಲ ಇದೆಯಾ ಅಂತ ನೋಡಿ ಒಂದು ನಕ್ಷೆ ಬರೆದುಕೊಳ್ಳಿ. ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಂಡರೆ ಕಡ್ಡಿಯಿಂದ ಕೆದಕಿ. ಗಾಜಿನ ಚೂರಿನ ಹಾಗೆ ಒಡೆದು ಹಾಗೇ ನಿಂತರೆ ಅದು ಕಬ್ಬಿಣದಂಶದ ಮೇಲೆ ಬೆಳೆಯುವ ಬ್ಯಾಕ್ಟೀರಿಯಾ, ಭಯ ಬೇಡ. ಒಡೆದದ್ದು ತಕ್ಷಣ ಕೂಡಿಕೊಂಡರೆ ಎಣ್ಣೆ.

ಎರಡನೇ ದಿನ ಟಿಡಿಎಸ್ ಮೀಟರ್, ಅಂದರೆ ಲೀಟರ್ ನೀರಿನಲ್ಲಿ ಎಷ್ಟು ಮಿಲಿಗ್ರಾಂ ಉಪ್ಪಿನಂಶ ಕರಗಿದೆ ಅಂತ ತೋರಿಸುವ ಸಾಧನ, ತೆಗೆದುಕೊಂಡು ಹೋಗಿ. ಕಾಡಿನಿಂದ ಇಳಿಯುವ ತೊರೆಯಲ್ಲಿ ಉಪ್ಪಿನಂಶ ತುಂಬ ಕಡಿಮೆ, ಸಾಮಾನ್ಯವಾಗಿ ಎರಡಂಕಿಯಲ್ಲೇ ಇರುತ್ತದೆ. ಕುಡಿಯುವ ನೀರಿಗೆ 500ರವರೆಗೆ ಸರಿ ಅನ್ನುತ್ತಾರೆ, ಆದರೆ ಇಲ್ಲಿ ಆ ಲೆಕ್ಕ ಹಿಡಿದರೆ ಮೋಸ ಹೋಗುತ್ತೀರಿ. ತೊರೆಯಲ್ಲಿ 40 ಇದ್ದು ಪಕ್ಕದ ಚರಂಡಿಯಲ್ಲಿ 250 ಬಂದರೆ ಅಲ್ಲಿ ಏನೋ ಸೇರುತ್ತಿದೆ ಅಂತಲೇ ಅರ್ಥ. ಆ ಚರಂಡಿ ಹಿಡಿದು ಮೇಲಕ್ಕೆ ನಡೆಯಿರಿ, ನೂರು ಹೆಜ್ಜೆಗೊಮ್ಮೆ ಮೀಟರ್ ಅದ್ದಿ. ಯಾವ ಎರಡು ಜಾಗದ ನಡುವೆ ಅಂಕಿ ದಿಢೀರ್ ಬದಲಾಗುತ್ತದೋ ಅಲ್ಲೇ ಹುಡುಕಿ. ಕೈಗವಸು ಮರೆಯಬೇಡಿ.

ಕೊಳಚೆ ಸೇರಿದ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ, ಹಾಗಾಗಿ ಅದನ್ನೂ ಅಳೆಯಬೇಕು, ಆದರೆ ಬೆಟ್ಟದಲ್ಲಿ ಜಾಸ್ತಿ ಎಚ್ಚರ ಬೇಕು. ಸಮುದ್ರ ಮಟ್ಟದಲ್ಲಿ 15 ಡಿಗ್ರಿಯ ನೀರು ಲೀಟರಿಗೆ ಸುಮಾರು 10 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ. ಊಟಿ ಇರುವುದು ಸುಮಾರು 2,200 ಮೀಟರ್ ಎತ್ತರದಲ್ಲಿ, ಗಾಳಿ ತೆಳು, ಅಲ್ಲಿ 7.7ರ ಆಸುಪಾಸು ಅಷ್ಟೇ. ಅಂದರೆ 7 ಬಂದರೆ ಒಳ್ಳೆಯ ನೀರೇ. 4ಕ್ಕಿಂತ ಕೆಳಗಿಳಿದರೆ ಮೀನಿಗೆ ಕಷ್ಟ. ಬೆಳಕು ಹರಿಯುವ ಹೊತ್ತಿಗೇ ಅಳೆಯಿರಿ, ಯಾಕೆಂದರೆ ಹಗಲಿಡೀ ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೇ ಪಾಚಿ ಎಳೆದುಕೊಳ್ಳುತ್ತದೆ, ಮಧ್ಯಾಹ್ನದ ಅಂಕಿ ನೋಡಿದರೆ ಕೊಳೆತ ಕೆರೆಯೂ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. ಬಾಟಲಿಗೆ ನೀರು ತುಂಬಿ, ಆಮ್ಲಜನಕ ಪರೀಕ್ಷೆಯ ಕಿಟ್‌ನ ಮೊದಲ ಎರಡು ದ್ರಾವಣ ಹಾಕಿ, ಗುಳ್ಳೆ ಉಳಿಯದ ಹಾಗೆ ಮುಚ್ಚಿ, ಬಾಟಲಿ ಅಲುಗಾಡಿಸಿ. ಕಾಫಿ ಬಣ್ಣದ ಗಸಿ ಇಳಿದರೆ ಆಮ್ಲಜನಕ ಇದೆ. ಒಡೆದ ಹಾಲಿನ ಹಾಗೆ ಬೆಳ್ಳಗೇ ಉಳಿದರೆ ಆ ನೀರಿನಲ್ಲಿ ಉಸಿರೇ ಇಲ್ಲ. ಚರಂಡಿ ಬಾಯಲ್ಲಿ ಒಮ್ಮೆ ಹಾಗೆ ಬೆಳ್ಳಗಾದದ್ದನ್ನು ನೋಡಿದರೆ ಹೊಟ್ಟೆ ಚುರ್ ಅನ್ನುತ್ತದೆ.

ಮಲದ ಕಲ್ಮಶಕ್ಕೆ ಎಚ್‌2ಎಸ್ ಅನ್ನುವ ಪರೀಕ್ಷಾ ಸೀಸೆ ಸಾಕು, ನೀರು ತುಂಬಿಸಿಟ್ಟರೆ, ಮಲ ಸೇರಿದ್ದರೆ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಆದರೆ ಅದಕ್ಕೆ 30 ಡಿಗ್ರಿಗಿಂತ ಮೇಲೆ ಬೆಚ್ಚಗಿರಬೇಕು. ಊಟಿಯ ಚಳಿ ಕೋಣೆಯಲ್ಲಿಟ್ಟು ಕಪ್ಪಾಗಲಿಲ್ಲ, ನೀರು ಶುದ್ಧ ಅಂದುಕೊಳ್ಳಬೇಡಿ. ಬಟ್ಟೆ ಸುತ್ತಿ ಬೆಚ್ಚಗಿನ ಜಾಗದಲ್ಲಿಡಿ.

ಇಷ್ಟೆಲ್ಲ ಮಾಡಿದರೂ ಕೆಲವು ವಿಷ ಸಿಗುವುದಿಲ್ಲ. ಕೊಡೈಕೆನಾಲ್‌ನಲ್ಲಿ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿತು, ಅದರ ಪಾದರಸದ ಮಾತು ಇನ್ನೂ ಮುಗಿದಿಲ್ಲ. ಪಾದರಸ ಹೂಳಿನಲ್ಲಿ ಕೂತು ಮೀನಿನ ಮೈ ಸೇರುತ್ತದೆ, ನೀರು ಎಷ್ಟೇ ತಿಳಿಯಾಗಿದ್ದರೂ ಸರಿಯೇ. ಹಳೆಯ ಕಾರ್ಖಾನೆ ಹತ್ತಿರವಿದ್ದರೆ ಹೂಳನ್ನೂ ಮೀನನ್ನೂ ಪ್ರಯೋಗಾಲಯಕ್ಕೆ ಕೊಡಿ, ಪಾದರಸ ನೋಡಿ ಅಂತ ಬಾಯಿಬಿಟ್ಟು ಕೇಳಿ.

ಕೊನೆಗೆ, ಬೇಸಿಗೆಯಲ್ಲಿ ಅಳೆದ ಅದೇ ಜಾಗಗಳಿಗೆ ಮೊದಲ ಜೋರು ಮಳೆ ಬಿದ್ದ ಮಾರನೇ ದಿನ ಮತ್ತೆ ಹೋಗಿ. ಬೇಸಿಗೆಯಲ್ಲಿ ಜಾಸ್ತಿ ಇದ್ದ ಟಿಡಿಎಸ್ ಅಂಕಿ ಮಳೆಗೆ ಇಳಿದರೆ ದಿನವೂ ಹರಿಯುವ ಒಳಚರಂಡಿ ಅಂತ ಅನುಮಾನಿಸಿ. ಮಳೆ ಬಿದ್ದ ಮೇಲೆ ಕೆಂಪು ನೀರು ಬಂದು, ಗೊಬ್ಬರದಿಂದ ಬರುವ ನೈಟ್ರೇಟ್ ಏರಿದರೆ ಮೇಲಿನ ಹೊಲಗಳತ್ತ ಹತ್ತಿ ನೋಡಿ.