ಅಡುಗೆಮನೆಗೆ ಚಿಮ್ನಿ: ನಾನು ಗಮನ ಕೊಟ್ಟದ್ದು ಗಾಳಿಯ ದಾರಿಗೆ

ಅಂಗಡಿಯಲ್ಲಿ ಮೊದಲು ಹೇಳುವುದೇ ಸಕ್ಷನ್ ಲೆಕ್ಕ, ಅಂದರೆ ಚಿಮ್ನಿ ಎಷ್ಟು ಗಾಳಿ ಎಳೆಯುತ್ತದೆ ಎಂಬುದು. ಗಂಟೆಗೆ 1200 ಘನ ಮೀಟರ್, 1400, ಇನ್ನೂ ಜಾಸ್ತಿ. ನಮ್ಮ ಅಡುಗೆಮನೆ 10 ಅಡಿ ಉದ್ದ, 8 ಅಡಿ ಅಗಲ, 10 ಅಡಿ ಎತ್ತರ. ಒಳಗಿರುವ ಗಾಳಿಯೇ ಸುಮಾರು 23 ಘನ ಮೀಟರ್. ಇಷ್ಟಕ್ಕೆ 1000 ಧಾರಾಳವಾಗಿ ಸಾಕು. ನನಗಿದ್ದ ಚಿಂತೆ ಬೇರೆ. ಎಳೆದ ಗಾಳಿ ಎಲ್ಲಿಗೆ ಹೋಗುತ್ತದೆ, ಆ ಜಾಗಕ್ಕೆ ಗಾಳಿ ಎಲ್ಲಿಂದ ಬರುತ್ತದೆ?

ಹೋಗುವ ದಾರಿ ಸುಲಭ. ಒಲೆಯ ಹಿಂದಿನದೇ ಹೊರಗೋಡೆ. ಹಳೇ ಎಕ್ಸಾಸ್ಟ್ ತೂತಿಗೆ ಪೈಪನ್ನು ಎಳೆದು ತರೋಣ ಎಂದರು ಫಿಟ್ಟಿಂಗ್‌ನವರು. ಹಾಗೆ ಮಾಡಿದರೆ ಮೂರು ತಿರುವು ಬರುತ್ತಿತ್ತು. ಪ್ರತಿ ತಿರುವಿನಲ್ಲೂ ಗಾಳಿ ಸೋಲುತ್ತದೆ, ಜಿಡ್ಡು ಕೂರುತ್ತದೆ. ಹಾಗಾಗಿ ಬೀಮ್ ತಪ್ಪಿಸಿ ಕೋರ್ ಕಟಿಂಗ್ ಮಾಡಿಸಿದೆ, ಅಂದರೆ ಮೆಷಿನ್‌ನಿಂದ ಗೋಡೆಗೆ ಹೊಸ ದುಂಡು ತೂತು ಕೊರೆಸಿದೆ. 6 ಇಂಚಿನ ಗಟ್ಟಿ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್, ಒಂದೇ ಬೆಂಡ್, ಜಾಯಿಂಟ್‌ಗೆ ಅಲ್ಯೂಮಿನಿಯಂ ಟೇಪ್. ಪ್ಲಾಸ್ಟಿಕ್ ಪೈಪ್ ಬೇಡವೇ ಬೇಡ ಅಂದೆ. ಒಳಗೆ ಎಣ್ಣೆ ಜಿಡ್ಡು, ಕೆಳಗೆ ಬೆಂಕಿ ಅಲ್ವಾ? ಮಳೆನೀರು ಒಳಗೆ ಬರದಂತೆ ಪೈಪಿಗೆ ಹೊರಗಡೆಗೆ ಸ್ವಲ್ಪ ಇಳಿಜಾರು ಕೊಡಿಸಿದೆ. ಬಾಯಿಗೆ ಮುಚ್ಚಳದ ಕೌಲ್ ಹಾಕಿದ್ದೇವೆ. ಅಲ್ಲಿಗೆ ಸೊಳ್ಳೆ ಜಾಲರಿ ಹಾಕಬಾರದು, ಜಿಡ್ಡು ಕಟ್ಟಿ ಮುಚ್ಚಿಹೋಗುತ್ತದೆ.

ಬರ್ನರ್‌ನಿಂದ ಚಿಮ್ನಿಯ ತಳಕ್ಕೆ 28 ಇಂಚು ಬಿಟ್ಟಿದ್ದೇವೆ. ಕಂಪನಿಯ ಪುಸ್ತಕದಲ್ಲಿ ಹೇಳಿದ ಅಳತೆಗಿಂತ ಕೆಳಗೆ ಇಳಿಸಬಾರದು. ಅರ್ಥಿಂಗ್ ಇರುವ ತ್ರೀ ಪಿನ್ ಸಾಕೆಟ್ ಒಲೆಯ ನೇರಕ್ಕಿಲ್ಲ, ಪಕ್ಕದಲ್ಲಿ ಮೇಲಿದೆ.

ಇನ್ನು ಗಾಳಿ ಬರುವ ದಾರಿ. ಇದನ್ನು ಯಾರೂ ಕೇಳುವುದೇ ಇಲ್ಲ. ನಮ್ಮ ಯುಟಿಲಿಟಿಯಲ್ಲಿ ಗ್ಯಾಸ್ ಗೀಸರ್ ಇತ್ತು. ಕಿಟಕಿ ಬಾಗಿಲು ಮುಚ್ಚಿ, ಗೀಸರ್ ಆಫ್ ಇಟ್ಟು, ಚಿಮ್ನಿಯನ್ನು ಜೋರಾಗಿ ಓಡಿಸಿ, ಗೀಸರಿನ ಹೊಗೆ ಪೈಪಿನ ಹತ್ತಿರ ಊದುಬತ್ತಿ ಹಿಡಿದೆ. ಹೊಗೆ ಮೇಲೇರಲಿಲ್ಲ, ಅಡುಗೆಮನೆ ಕಡೆಗೆ ವಾಲಿತು. ಗೀಸರ್ ಉರಿಯುತ್ತಿದ್ದರೆ ಅದರ ಸುಟ್ಟ ಅನಿಲವೂ ಇದೇ ದಾರಿ ಹಿಡಿಯುತ್ತಿತ್ತು. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ತೆಗೆಯುತ್ತದೆ. ಅಡುಗೆಮನೆ ಕಿಟಕಿಯನ್ನು ಒಂದು ಗೇಣು ತೆರೆದಾಗ ಊದುಬತ್ತಿ ಹೊಗೆ ನೆಟ್ಟಗಾಯಿತು. ಆದರೆ ಚಳಿಗಾಲದ ಬೆಳಗ್ಗೆ ಯಾರಾದರೂ ಕಿಟಕಿ ಮುಚ್ಚಿಬಿಟ್ಟರೆ? ಮನೆಯಲ್ಲಿ ಅಮ್ಮ ಇದ್ದಾರೆ, ಮಕ್ಕಳಿದ್ದಾರೆ. ಗ್ಯಾಸ್ ಗೀಸರ್ ತೆಗೆಸಿ ಕರೆಂಟಿನದು ಹಾಕಿಸಿದೆ. ಆದರೂ ಚಿಮ್ನಿ ಆನ್ ಮಾಡುವ ಮುಂಚೆ ಕಿಟಕಿ ತೆರೆಯುವುದು ನಮ್ಮಲ್ಲಿ ರೂಢಿ. ಗಾಳಿ ಒಳಗೆ ಬರದಿದ್ದರೆ ಚಿಮ್ನಿ ಎಳೆಯುವುದಾದರೂ ಏನನ್ನು?

ನಮ್ಮಲ್ಲಿ ಒಗ್ಗರಣೆ, ಕರಿಯುವುದು ಜಾಸ್ತಿ. ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ಬಿಚ್ಚಿ ಬಿಸಿನೀರು, ಸೋಪಿನಲ್ಲಿ ತೊಳೆಯುತ್ತೇವೆ. ಮನೆಯಲ್ಲಿ ಎಲ್ಲರಿಗೂ ಹೇಳಿಕೊಟ್ಟದ್ದು ಇನ್ನೊಂದಿದೆ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು. ಗ್ಯಾಸ್, ಚಿಮ್ನಿ ಎರಡನ್ನೂ ಆಫ್ ಮಾಡಿ ತಟ್ಟೆ ಮುಚ್ಚಬೇಕು. ಚಿಮ್ನಿ ಓಡುತ್ತಲೇ ಇದ್ದರೆ ಉರಿಯನ್ನು ಜಿಡ್ಡಿನ ಪೈಪಿನೊಳಗೆ ಎಳೆದುಕೊಳ್ಳುತ್ತದೆ.