ರಾತ್ರಿ ಬೆಕ್ಕನ್ನು ಒಳಗಿಡುವುದು ಹೇಗೆ: ಮುಂಬಯಿ ಮನೆಗಳಿಗೆ ಒಂದು ಕೈಪಿಡಿ

ಡೊಂಬಿವಲಿಯ ನೆಲಮಹಡಿಯ ಮನೆಯಾಗಲಿ, ಮುಲುಂಡಿನ ಹದಿನಾರನೆಯ ಮಹಡಿಯಾಗಲಿ, ಉತ್ತರ ಒಂದೇ: ಕತ್ತಲಾಗುವ ಮೊದಲು ಬೆಕ್ಕು ಒಳಗಿರಬೇಕು, ಬೆಳಕು ಹರಿದ ಮೇಲೆಯೇ ಅದಕ್ಕೆ ಬಾಗಿಲು ತೆರೆಯಬೇಕು. ಊರಿನಲ್ಲಾದರೆ ಬೆಕ್ಕು ರಾತ್ರಿಯಿಡೀ ಹಿತ್ತಿಲು, ಕೊಟ್ಟಿಗೆ, ಅಟ್ಟ ಸುತ್ತಿ ಬೆಳಗ್ಗೆ ಒಲೆಯ ಪಕ್ಕ ಬಂದು ಮುದುಡಿಕೊಳ್ಳುತ್ತಿತ್ತು. ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹಾಗೆಂದು ಬಾಗಿಲು ಹಾಕಿದ ಮಾತ್ರಕ್ಕೆ ಕೆಲಸ ಮುಗಿಯಲೂ ಇಲ್ಲ. ಹಸಿದ, ಆಟವಾಡದ, ಬೆದೆಗೆ ಬಂದ ಬೆಕ್ಕನ್ನು ಕೂಡಿಹಾಕಿದರೆ ಮನೆಯವರಿಗೆ ನಿದ್ದೆಯಿಲ್ಲ, ಅದಕ್ಕೆ ನೆಮ್ಮದಿಯಿಲ್ಲ. ಬೆಕ್ಕಿನ ರಾತ್ರಿ ಹೇಗೆ ಕಳೆಯುತ್ತದೆ ಎನ್ನುವುದು ಸಂಜೆ ಏಳರಿಂದ ಹತ್ತರೊಳಗೆ ತೀರ್ಮಾನವಾಗಿಬಿಡುತ್ತದೆ.

ರಾತ್ರಿ ಹೊರಗೆ ಏನಾಗುತ್ತದೆ

ಹಗಲು ಚದುರಿಕೊಂಡು ಮಲಗಿರುವ ಬೀದಿನಾಯಿಗಳು ರಾತ್ರಿ ಹನ್ನೊಂದರ ಮೇಲೆ ಗುಂಪು ಕಟ್ಟುತ್ತವೆ. ಒಂದು ನಾಯಿಯಿಂದ ತಪ್ಪಿಸಿಕೊಳ್ಳಬಲ್ಲ ಬೆಕ್ಕು ನಾಲ್ಕರ ನಡುವೆ ಸಿಕ್ಕರೆ ಉಳಿಯುವುದು ಕಷ್ಟ. ಇನ್ನು ಗಂಡುಬೆಕ್ಕುಗಳ ಕಾದಾಟ. ಹಲ್ಲಿನ ಗುರುತು ಸೂಜಿ ಚುಚ್ಚಿದಷ್ಟೇ ಇರುತ್ತದೆ, ಮೇಲಿನ ಚರ್ಮ ಬೇಗ ಕೂಡಿಕೊಳ್ಳುತ್ತದೆ, ಒಳಗೆ ಕೀವು ತುಂಬುತ್ತದೆ. ಎರಡು ಮೂರು ದಿನ ಬಿಟ್ಟು ಕೆನ್ನೆಯೋ ಬಾಲದ ಬುಡವೋ ಊದಿಕೊಂಡಾಗಲೇ ಮನೆಯವರಿಗೆ ಗೊತ್ತಾಗುವುದು. ಬೆಕ್ಕುಗಳ ಏಡ್ಸ್ ಎಂದು ಕರೆಯುವ ಎಫ್‌ಐವಿ ವೈರಾಣು ಹರಡುವುದೂ ಮುಖ್ಯವಾಗಿ ಇಂಥ ಕಡಿತದಿಂದಲೇ. ಅದು ಮನುಷ್ಯರಿಗೆ ಅಂಟುವುದಿಲ್ಲ.

ಸೊಸೈಟಿಗಳಲ್ಲಿ ಇಲಿಗೆ ಇಡುವ ವಿಷ ಇನ್ನೊಂದು ಅಪಾಯ. ಬ್ರೋಮಾಡಿಯೋಲೋನ್ ಬಿಲ್ಲೆ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಮಂಕಾಗಿ ನಿಧಾನಕ್ಕೆ ಓಡಾಡುತ್ತದೆ, ಬೆಕ್ಕಿಗೆ ಸುಲಭದ ಬೇಟೆಯಾಗುತ್ತದೆ. ಈ ವಿಷ ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ, ಲಕ್ಷಣ ಕಾಣಿಸಿಕೊಳ್ಳಲು 3ರಿಂದ 5 ದಿನ ಬೇಕು: ಒಸಡು ಬಿಳಿಚುತ್ತದೆ, ಉಸಿರಾಟ ಏರುತ್ತದೆ. ಇದಕ್ಕೆ ವಿಟಮಿನ್ ಕೆ1 ಚಿಕಿತ್ಸೆ ಇದೆ, ಬೇಗ ಒಯ್ದರೆ ಬದುಕುತ್ತದೆ. ಬೂದುಗಪ್ಪು ಪುಡಿಯಾಗಿ ಬರುವ ಜಿಂಕ್ ಫಾಸ್ಫೈಡ್‌ಗೆ ಪ್ರತಿವಿಷವೇ ಇಲ್ಲ. ಪೆಸ್ಟ್ ಕಂಟ್ರೋಲ್ ಬರುವ ದಿನ ಯಾವುದು, ಯಾವ ವಿಷ ಇಡುತ್ತಾರೆ ಎಂದು ಕಾರ್ಯದರ್ಶಿಯನ್ನು ಕೇಳಿ ಬರೆದಿಟ್ಟುಕೊಳ್ಳಿ. ವೈದ್ಯರು ಮೊದಲು ಕೇಳುವುದು ಅದನ್ನೇ.

ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಬೆಕ್ಕು ಕಾರಿನ ಬಾನೆಟ್ಟಿನೊಳಗೆ ಸೇರಿಕೊಳ್ಳುತ್ತದೆ. ಬೆಳಗ್ಗೆ ಎಂಜಿನ್ ಚಾಲೂ ಮಾಡಿದವರಿಗೆ ಅದು ಗೊತ್ತಿರುವುದಿಲ್ಲ. ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ, ಆರೆ ಕಾಲೊನಿ, ಮುಲುಂಡಿನ ಗುಡ್ಡದ ಬದಿ, ಥಾಣೆಯ ಯೆವೂರಿನಲ್ಲಿ ಇರುವವರಿಗೆ ಚಿರತೆಯ ಮಾತು ಬೇರೆ ಹೇಳಬೇಕಿಲ್ಲ. ಅಲ್ಲಿ ರಾತ್ರಿ ಹೊರಗಿರುವ ಸಾಕುಪ್ರಾಣಿ ಚಿರತೆಯನ್ನು ಮನೆಬಾಗಿಲಿಗೆ ಕರೆದಂತೆ. ಪುಣೆ ಜಿಲ್ಲೆಯ ಜುನ್ನರ್ ಸುತ್ತ ಕಬ್ಬಿನ ಗದ್ದೆಗಳ ಕಥೆಯೂ ಇದೇ. ಗೋವಾದಲ್ಲಿ ಅಂಗಳವಿರುವ ಮನೆಯವರು ನಾಗರಹಾವು, ಕೊಳಕುಮಂಡಲ ಮತ್ತು ಕಟ್ಟೆಯಿಲ್ಲದ ಬಾವಿಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ಮೊದಲು ಶಸ್ತ್ರಚಿಕಿತ್ಸೆ, ಆಮೇಲೆ ಬಾಗಿಲು

ಬೆದೆಯಲ್ಲಿರುವ ಹೆಣ್ಣುಬೆಕ್ಕನ್ನು ಯಾವ ಆಟಿಕೆಯೂ ಒಳಗೆ ನಿಲ್ಲಿಸುವುದಿಲ್ಲ. ಹೆಣ್ಣು ನಾಲ್ಕು ತಿಂಗಳಿಗೇ ಬೆದೆಗೆ ಬರಬಹುದು, ಗರ್ಭ ಸುಮಾರು 63ರಿಂದ 65 ದಿನ, ಮರಿಗಳು ಹಾಲು ಕುಡಿಯುತ್ತಿರುವಾಗಲೇ ಮತ್ತೆ ಗಬ್ಬವಾಗಬಹುದು. ಆದ್ದರಿಂದ 4ರಿಂದ 6 ತಿಂಗಳೊಳಗೆ ಗಂಡು ಹೆಣ್ಣು ಎರಡಕ್ಕೂ ಸಂತಾನಹರಣ ಮಾಡಿಸಿ. ಗಂಡಿಗೆ ಹಾರ್ಮೋನ್ ಇಳಿಯಲು ಕೆಲವು ವಾರ ಬೇಕು, ಮರುದಿನವೇ ಮೂತ್ರ ಚಿಮ್ಮಿಸುವುದು ನಿಲ್ಲಲಿಲ್ಲ ಎಂದು ಬೇಸರಿಸಬೇಡಿ.

ಇಲ್ಲೊಂದು ಅನುಕೂಲ ಇದೆ. ಶಸ್ತ್ರಚಿಕಿತ್ಸೆಯ ನಂತರ 10ರಿಂದ 14 ದಿನ ಬೆಕ್ಕನ್ನು ಹೇಗೂ ಹೊರಗೆ ಬಿಡುವಂತಿಲ್ಲ. ರಾತ್ರಿ ಒಳಗಿರುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ಬೇರೆಯಿಲ್ಲ. ಹೊಲಿಗೆ ಮಾಗುವಷ್ಟರಲ್ಲಿ ಮಲಮೂತ್ರದ ಟ್ರೇ, ಊಟದ ಹೊತ್ತು, ಮಲಗುವ ಮೂಲೆ ಎಲ್ಲವೂ ಅದಕ್ಕೆ ರೂಢಿಯಾಗಿರುತ್ತದೆ. ಹಗಲು ಸ್ವಲ್ಪ ಹೊತ್ತು ಹೊರಗೆ ಹೋಗುವ ಬೆಕ್ಕಿಗೆ ಟ್ರೈಕ್ಯಾಟ್ (ಬೆಕ್ಕಿನ ಮೂರು ರೋಗಗಳಿಗೆ ಒಂದೇ ಲಸಿಕೆ) ಮತ್ತು ರೇಬೀಸ್ ಲಸಿಕೆ ತಪ್ಪಿಸಲೇಬಾರದು. ಟ್ರೈಕ್ಯಾಟ್ 8 ವಾರಕ್ಕೆ ಶುರು, 16 ವಾರವಾಗುವವರೆಗೆ 3–4 ವಾರಕ್ಕೊಮ್ಮೆ. ರೇಬೀಸ್ 12 ವಾರದ ಮೇಲೆ. ಮುಂದಿನ ಬೂಸ್ಟರ್ ದಿನಾಂಕವನ್ನು ವೈದ್ಯರಿಂದ ಕಾರ್ಡಿನಲ್ಲಿ ಬರೆಸಿಕೊಳ್ಳಿ.

ಕಿಟಕಿ, ಗ್ರಿಲ್, ಸೇಫ್ಟಿ ಡೋರ್

ಒಳಗಿಟ್ಟ ಬೆಕ್ಕಿಗೆ ಮುಂಬಯಿಯಲ್ಲಿರುವ ದೊಡ್ಡ ಗಂಡಾಂತರ ಕಿಟಕಿ. ನಸುಕಿನಲ್ಲಿ ಎಸಿಯ ಹೊರಪೆಟ್ಟಿಗೆಯ ಮೇಲೆ ಪಾರಿವಾಳ ಬಂದು ಕೂರುತ್ತದೆ. ಬೆಕ್ಕು ಗ್ರಾನೈಟ್ ಕಟ್ಟೆಯ ಮೇಲೆ ಹೊಟ್ಟೆ ತಾಗಿಸಿ ಕೂತು, ಗದ್ದ ನಡುಗಿಸಿ ಸಣ್ಣಗೆ ‘ಕಕ್ಕಕ್ಕ’ ಎನ್ನುತ್ತದೆ, ಹಿಂಗಾಲು ಎರಡು ಸಲ ತುಳಿಯುತ್ತದೆ, ಹಾರುತ್ತದೆ. ಮಳೆಯಲ್ಲಿ ನೆನೆದ ಕಲ್ಲಿನ ಮೇಲೆ ಉಗುರು ನಾಟುವುದಿಲ್ಲ. ಬೆಕ್ಕು ಎಲ್ಲಿಂದ ಬಿದ್ದರೂ ಕಾಲ ಮೇಲೆ ನಿಲ್ಲುತ್ತದೆ ಎಂಬ ಮಾತನ್ನು ನಂಬಿ ಕೂರಬೇಡಿ. ಕಾಲ ಮೇಲೆ ಬಿದ್ದರೂ ಗದ್ದ ಒಡೆಯುತ್ತದೆ, ಶ್ವಾಸಕೋಶಕ್ಕೆ ಪೆಟ್ಟಾಗುತ್ತದೆ. ನ್ಯೂಯಾರ್ಕಿನ ಪಶುವೈದ್ಯರು 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎತ್ತರದಿಂದ ಬಿದ್ದ 132 ಬೆಕ್ಕುಗಳ ಪೈಕಿ ಚಿಕಿತ್ಸೆ ಪಡೆದವುಗಳಲ್ಲಿ ಶೇ. 90 ಬದುಕಿದವು ಎಂದಿದೆ. ಇದು ಆಸ್ಪತ್ರೆ ತಲುಪಿದ ಬೆಕ್ಕುಗಳ ಲೆಕ್ಕ. ಬಿದ್ದಲ್ಲೇ ಸತ್ತವು ಅದರಲ್ಲಿಲ್ಲ.

ಬಾಕ್ಸ್ ಗ್ರಿಲ್ಲಿನ ಸರಳುಗಳ ನಡುವೆ 10 ಸೆಂ.ಮೀ. ಇದ್ದರೆ ದೊಡ್ಡ ಬೆಕ್ಕೂ ಸಲೀಸಾಗಿ ಹೊರಬರುತ್ತದೆ. ಪಾರಿವಾಳಕ್ಕೆಂದು ಕಟ್ಟುವ ನೈಲಾನ್ ಬಲೆ ಬೆಕ್ಕಿಗೆ ಸಾಲದು. ಅದು ಕಚ್ಚಿ ಕತ್ತರಿಸುತ್ತದೆ, ಮೂರು ನಾಲ್ಕು ಮಳೆಗಾಲದ ನಂತರ ಬಲೆ ತಾನಾಗಿಯೇ ಜೀರ್ಣವಾಗುತ್ತದೆ. ಸೊಳ್ಳೆ ಜಾಲರಿ ಫೈಬರಿನದಾದರೆ ಒಂದೇ ರಾತ್ರಿಯ ಪರಚುವಿಕೆಗೆ ಹರಿಯುತ್ತದೆ. ಹಾಕಿಸಬೇಕಾದದ್ದು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ವೆಲ್ಡ್ ಮೆಶ್, ಒಂದು ಇಂಚಿನ ಚೌಕ. ಕಡಲ ಗಾಳಿಗೆ ಸಾದಾ ಜಿಐ (ಸತು ಲೇಪಿಸಿದ ಕಬ್ಬಿಣ) ಮೆಶ್ ಬೇಗ ತುಕ್ಕು ಹಿಡಿಯುತ್ತದೆ. ಗ್ರಿಲ್ಲಿನ ಒಳಮುಖಕ್ಕೆ ಮೆಶ್ ಹಾಸಿ, ಅಂಚಿನಲ್ಲಿ 3–4 ಸೆಂ.ಮೀ. ಹೆಚ್ಚುವರಿ ಬಿಟ್ಟು, ಪ್ರತಿ 15 ಸೆಂ.ಮೀ.ಗೆ ಸ್ಟೇನ್‌ಲೆಸ್ ತಂತಿಯಿಂದ ಬಿಗಿಯಿರಿ. ಪ್ಲಾಸ್ಟಿಕ್ ಕೇಬಲ್ ಟೈ ಬಳಸಿದರೆ ಬಿಸಿಲಿಗೆ ಪೆಡಸಾಗಿ ಮುರಿಯುತ್ತದೆ, ಅದೂ ಒಂದೊಂದಾಗಿ, ಯಾರ ಗಮನಕ್ಕೂ ಬಾರದಂತೆ. ಬೆಂಕಿ ಬಿದ್ದರೆ ಹೊರಗಿಳಿಯಲು ಗ್ರಿಲ್ಲಿನಲ್ಲಿ ಬಿಟ್ಟಿರುವ ಚಿಕ್ಕ ಬಾಗಿಲನ್ನು ಮಾತ್ರ ಮೆಶ್ಶಿನಿಂದ ಮುಚ್ಚಿ ಹೊಲಿಯಬೇಡಿ. ಅದಕ್ಕೆ ಬೇರೆ ತುಂಡು ಹಾಕಿ, ತೆರೆಯುವಂತೆ ಇಟ್ಟುಕೊಳ್ಳಿ.

ಎಲ್ಲರೂ ಮರೆಯುವ ಜಾಗ ಬಾತ್‌ರೂಮಿನ ಕಿಟಕಿ. ಪಟ್ಟಿ ಗಾಜು ಒಂದು ಜಾರಿದ್ದರೂ ಸಾಕು, ಬೆಕ್ಕು ಡಕ್ಟಿಗೆ ಇಳಿಯುತ್ತದೆ. ಪೈಪು ಹಿಡಿದು ಇಳಿದದ್ದಕ್ಕೆ ಹತ್ತಿ ಬರಲು ಆಗುವುದಿಲ್ಲ. ಎಕ್ಸಾಸ್ಟ್ ಫ್ಯಾನ್ ತೆಗೆದ ತೂತಿದ್ದರೆ ಅದಕ್ಕೂ ಮೆಶ್ ಬೇಕು.

ಇನ್ನು ಮುಖ್ಯ ಬಾಗಿಲು. ಹೋಟೆಲ್ ಕೆಲಸದವರು, ರಾತ್ರಿ ಪಾಳಿಯವರು ಹನ್ನೆರಡಕ್ಕೋ ಒಂದಕ್ಕೋ ಬಂದು ಕೀಲಿ ತಿರುಗಿಸುವಾಗ ಬೆಕ್ಕು ಕಾಲಸಂದಿಯಲ್ಲಿ ನುಸುಳುತ್ತದೆ. ಸೇಫ್ಟಿ ಡೋರಿನ ಜಾಲಿಗೆ ಕೆಳಗಿನ ಎರಡೂವರೆ ಅಡಿಯವರೆಗೆ ಮೆಶ್ ಹಾಕಿಸಿ, ಎರಡು ಬಾಗಿಲುಗಳ ಪೈಕಿ ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯುವುದನ್ನು ಮನೆಮಂದಿಯೆಲ್ಲ ರೂಢಿಸಿಕೊಳ್ಳಿ. ಬೆಕ್ಕಿನ ತಟ್ಟೆಯನ್ನು ಬಾಗಿಲಿನಿಂದ ಅತಿ ದೂರದ ಮೂಲೆಯಲ್ಲಿಡಿ; ಬಾಗಿಲ ಸದ್ದಾದಾಗ ಅದು ತಟ್ಟೆಯ ಕಡೆ ಓಡಲಿ. ಅದಕ್ಕಾಗಿ ಒಳಗೆ ಬಂದವರು ಮೊದಲು ನಾಲ್ಕು ಕಾಳು ತಟ್ಟೆಗೆ ಹಾಕಬೇಕು.

ಸಂಜೆಯ ಕ್ರಮ

ಮುಂಬಯಿಯಲ್ಲಿ ಜೂನ್ ಕೊನೆಗೆ ಸೂರ್ಯ ಮುಳುಗುವುದು 7.20ರ ಹೊತ್ತಿಗೆ, ನವೆಂಬರ್ ಕೊನೆಗೆ ಸುಮಾರು ಆರಕ್ಕೇ. ಅದಕ್ಕಿಂತ ಅರ್ಧ ಗಂಟೆ ಮೊದಲು ಬೆಕ್ಕನ್ನು ಕರೆಯಿರಿ. ಸ್ಟೀಲ್ ತಟ್ಟೆಗೆ ಚಮಚದಿಂದ ಮೂರು ಸಲ ಬಡಿಯಿರಿ, ಪ್ರತಿದಿನ ಅದೇ ತಟ್ಟೆ, ಅದೇ ಸದ್ದು. ಬಂದ ಕೂಡಲೇ ತಿನ್ನಲು ಕೊಡಿ, ಬಾಗಿಲು ಹಾಕಿ. ಲೋಕಲ್ ಹಿಡಿದು ಎಂಟಕ್ಕೆ ಮನೆ ಸೇರುವವರು, ಮನೆಯಲ್ಲಿ ಕರೆಯಲು ಅಜ್ಜಿಯೋ ಪಕ್ಕದ ಮನೆಯವರೋ ಇಲ್ಲದಿದ್ದರೆ, ಬೆಳಗ್ಗೆ ಹೊರಡುವಾಗಲೇ ಬೆಕ್ಕನ್ನು ಒಳಗಿಟ್ಟು ಹೋಗುವುದು ಲೇಸು. ಒಂದು ದಿನ ಹೊರಗೆ ಹೋಗದಿದ್ದರೆ ಅದಕ್ಕೇನೂ ನಷ್ಟವಿಲ್ಲ.

ಬೆಕ್ಕು ಮುಸ್ಸಂಜೆ ಮತ್ತು ನಸುಕಿನಲ್ಲಿ ಚುರುಕಾಗುವ ಪ್ರಾಣಿ. ಅಟ್ಟಿಸುವುದು, ಹಿಡಿಯುವುದು, ತಿನ್ನುವುದು, ಮೈ ನೆಕ್ಕಿಕೊಳ್ಳುವುದು, ಮಲಗುವುದು, ಇದು ಅದರ ಸರಣಿ. ರಾತ್ರಿ ಒಂಬತ್ತೂವರೆಗೆ ಕೋಲಿನ ತುದಿಗೆ ಬಟ್ಟೆ ಕಟ್ಟಿ 15 ನಿಮಿಷ ಚೆನ್ನಾಗಿ ಓಡಿಸಿ, ಕೊನೆಗೆ ಅದಕ್ಕೆ ಹಿಡಿಯಲು ಬಿಡಿ, ಕೂಡಲೇ ದಿನದ ದೊಡ್ಡ ಊಟ ಹಾಕಿ. 4 ಕಿಲೋ ತೂಕದ, ಸಂತಾನಹರಣವಾದ ಬೆಕ್ಕಿಗೆ ದಿನಕ್ಕೆ ಸುಮಾರು 200 ಕಿಲೋಕ್ಯಾಲೊರಿ ಬೇಕು, ಒಣ ಆಹಾರದಲ್ಲಿ ಅದು 50–55 ಗ್ರಾಂ. ಬೆಳಗ್ಗೆ 10, ಸಂಜೆ ಕರೆದಾಗ 15, ರಾತ್ರಿ ಉಳಿದದ್ದು. ಆಟ ಮುಗಿದ ಮೇಲೆ ಕೋಲನ್ನು ಕಪಾಟಿನಲ್ಲಿಡಿ. ದಾರ, ರಬ್ಬರ್ ಬ್ಯಾಂಡ್, ದೇವರ ಮುಂದಿನ ಮಲ್ಲಿಗೆ ಮಾಲೆಯ ನೂಲು ನುಂಗಿದರೆ ಕರುಳು ಮಡಿಸಿಕೊಂಡು ಶಸ್ತ್ರಚಿಕಿತ್ಸೆಯವರೆಗೆ ಹೋಗುತ್ತದೆ. ಬಾಯಿಯಿಂದಲೋ ಹಿಂದಿನಿಂದಲೋ ದಾರದ ತುದಿ ಕಂಡರೆ ಎಳೆಯಬೇಡಿ.

ಸಸ್ಯಾಹಾರಿ ಮನೆಗಳಲ್ಲಿ ಹಾಲು ಮತ್ತು ಮೊಸರನ್ನದ ಮೇಲೆ ಬೆಳೆಯುವ ಬೆಕ್ಕು ರಾತ್ರಿ ಹೊರಗೆ ಹೋಗುವುದಕ್ಕೆ ಒಂದು ಕಾರಣ ಹಸಿವೆ. ಅದಕ್ಕೆ ಬೇಕಾದ ಟಾರಿನ್ ಎಂಬ ಅಂಶ ಮಾಂಸ, ಮೀನಿನಲ್ಲಿದೆ, ಅನ್ನದಲ್ಲಿಲ್ಲ. ಕೊರತೆ ಮುಂದುವರಿದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಮನೆಯಲ್ಲಿ ಮಾಂಸ ಬೇಯಿಸದವರು ಒಳ್ಳೆಯ ತಯಾರಾದ ಬೆಕ್ಕಿನ ಆಹಾರ ತಂದಿಡಿ. ಕರಾವಳಿಯವರ ಮನೆಯಲ್ಲಿ ತದ್ವಿರುದ್ಧ, ದಿನವೂ ಬರೀ ಬಂಗುಡೆ, ಭೂತಾಯಿ. ಎಣ್ಣೆಯ ಮೀನೊಂದನ್ನೇ ತಿನ್ನುವ ಬೆಕ್ಕಿಗೆ ವಿಟಮಿನ್ ಇ ಕೊರತೆಯಾಗಿ ಮೈಕೊಬ್ಬು ಉರಿಯೂತಕ್ಕೆ ಒಳಗಾಗುತ್ತದೆ, ಮುಟ್ಟಿದರೆ ನೋವು. ವಾರಕ್ಕೆ ಎರಡು ಸಲ, ಉಪ್ಪು ಮಸಾಲೆಯಿಲ್ಲದೆ ಬೇಯಿಸಿ ಮುಳ್ಳು ತೆಗೆದು ಕೊಡಿ, ಸಾಕು.

ಟ್ರೇ

50 × 40 ಸೆಂ.ಮೀ. ಟ್ರೇ, 5 ಸೆಂ.ಮೀ. ಆಳ ಬೆಂಟೊನೈಟ್ ಲಿಟರ್, ಅಂದರೆ ಟ್ರೇಗೆ ಹಾಸುವ ಜೇಡಿಮಣ್ಣಿನ ಹರಳು. ಮೊದಲ ಸಲಕ್ಕೆ 7–8 ಕಿಲೋ ಹಿಡಿಯುತ್ತದೆ. ಬೆಕ್ಕುಗಳೆಷ್ಟೋ ಅದಕ್ಕಿಂತ ಒಂದು ಹೆಚ್ಚು ಟ್ರೇ ಎನ್ನುವುದು ನಿಯಮ, ಒಂದು ಕೋಣೆಯ ಮನೆಯಲ್ಲಿ ಅದು ಆಗದಿದ್ದರೆ ಒಂದನ್ನೇ ದಿನಕ್ಕೆ ಮೂರು ಸಲ ಶುಚಿ ಮಾಡಿ. ಮಣ್ಣಿನಲ್ಲಿ ಹೋಗಿ ಅಭ್ಯಾಸವಾದ ಬೆಕ್ಕಿಗೆ ಮೊದಲು ಅರ್ಧ ಮಣ್ಣು ಅರ್ಧ ಲಿಟರ್ ಬೆರೆಸಿ, ಹತ್ತು ದಿನದಲ್ಲಿ ಮಣ್ಣನ್ನು ಇಲ್ಲವಾಗಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲಿಟರ್ ಚೀಲವನ್ನು ಗಾಳಿಯಾಡದ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಚೀಲದಲ್ಲೇ ಗಟ್ಟಿಯಾಗುತ್ತದೆ. ಕಮೋಡಿಗೆ ಸುರಿದರೆ ಪೈಪಿನಲ್ಲಿ ಉಬ್ಬಿ ಕಟ್ಟಿಕೊಳ್ಳುತ್ತದೆ. ಟ್ರೇ ತೊಳೆಯಲು ಫಿನೈಲ್ ಬೇಡ, ಬೆಕ್ಕಿಗೆ ಅದು ವಿಷ. ಸೋಪಿನ ನೀರು ಸಾಕು. ಗರ್ಭಿಣಿ ಮನೆಯಲ್ಲಿದ್ದರೆ ಟ್ರೇ ಕೆಲಸ ಬೇರೆಯವರು ಮಾಡಲಿ, ದಿನವೂ ಮಾಡಲಿ. ಟಾಕ್ಸೊಪ್ಲಾಸ್ಮಾ ಅಂಟುವ ಸ್ಥಿತಿಗೆ ಬರಲು ಮಲ ಕನಿಷ್ಠ ಒಂದು ದಿನ ಬಿದ್ದಿರಬೇಕು.

ಒಳಗಿರುವ ಬೆಕ್ಕಿನ ಟ್ರೇ ನಿಮಗೆ ಆರೋಗ್ಯದ ಸುದ್ದಿ ಹೇಳುತ್ತದೆ. ಗಂಡುಬೆಕ್ಕು ಪದೇ ಪದೇ ಟ್ರೇಗೆ ಹೋಗಿ ತಿಣುಕುತ್ತಿದೆ, ಹನಿ ಮೂತ್ರವಿಲ್ಲ ಎಂದರೆ ಬೆಳಗಾಗುವವರೆಗೆ ಕಾಯಬೇಡಿ. ಮೂತ್ರನಾಳ ಕಟ್ಟಿದ ಬೆಕ್ಕು ಒಂದೆರಡು ದಿನದಲ್ಲಿ ಸಾಯಬಹುದು. ರಾತ್ರಿ ತೆರೆದಿರುವ ಆಸ್ಪತ್ರೆಯ ಸಂಖ್ಯೆಯನ್ನು ಇವತ್ತೇ ವಿಚಾರಿಸಿ ಫ್ರಿಜ್ಜಿನ ಮೇಲೆ ಅಂಟಿಸಿ.

ನಸುಕಿನ ನಾಲ್ಕೂವರೆಯ ಕೂಗು

ಮೊದಲ ವಾರ ಬೆಕ್ಕು ಬಾಗಿಲು ಪರಚುತ್ತದೆ, ಕೂಗುತ್ತದೆ. ಎದ್ದು ಬೈದರೂ, ಮುದ್ದು ಮಾಡಿದರೂ, ಊಟ ಹಾಕಿದರೂ ಅದಕ್ಕೆ ಒಂದೇ: ಕೂಗಿದರೆ ಜನ ಏಳುತ್ತಾರೆ. ಏಳಬೇಡಿ. ನಾಲ್ಕನೆಯ ಐದನೆಯ ದಿನ ಕೂಗು ಮೊದಲಿಗಿಂತ ಜೋರಾಗುತ್ತದೆ, ಬಹಳ ಮಂದಿ ಸೋಲುವುದು ಅಲ್ಲೇ. ಎರಡು ವಾರ ಬಿಗಿಯಾಗಿ ಹಿಡಿದರೆ ಸಾಮಾನ್ಯವಾಗಿ ಇಳಿಯುತ್ತದೆ. ಮನೆಯ ಒಬ್ಬರು ಒಂದು ದಿನ ಕನಿಕರಪಟ್ಟು ಬಾಗಿಲು ತೆರೆದರೆ ಲೆಕ್ಕ ಮತ್ತೆ ಒಂದರಿಂದ ಶುರು. ಗೋಡೆ ತೆಳುವಾದ ಚಾಳಿನಲ್ಲಿರುವವರು ಅಕ್ಕಪಕ್ಕದವರಿಗೆ ಮೊದಲೇ ಹೇಳಿಡಿ. ಟೈಮರ್ ಇರುವ ಫೀಡರಿನಲ್ಲಿ ನಾಲ್ಕಕ್ಕೆ 5 ಗ್ರಾಂ ಬೀಳುವಂತೆ ಇಟ್ಟರೆ, ಅದು ಕಾಯುವುದು ಡಬ್ಬಿಯನ್ನು, ನಿಮ್ಮನ್ನಲ್ಲ.

ಗಣೇಶ ವಿಸರ್ಜನೆಯ ದಿನ, ದೀಪಾವಳಿಯ ಅಷ್ಟೂ ದಿನ, ಹಗಲಲ್ಲೂ ಹೊರಗೆ ಬಿಡಬೇಡಿ. ಒಳಕೋಣೆಯ ಕಪಾಟಿನ ಕೆಳಗೆ ರಟ್ಟಿನ ಪೆಟ್ಟಿಗೆಯಿಟ್ಟು ಹಳೆಯ ಸೀರೆ ಹಾಸಿ, ಫ್ಯಾನ್ ಹಾಕಿಡಿ. ಹುಟ್ಟಿನಿಂದ ಬೀದಿಯಲ್ಲೇ ಬೆಳೆದ, ಮುಟ್ಟಲು ಬಿಡದ ದೊಡ್ಡ ಬೆಕ್ಕನ್ನು ಮಾತ್ರ ಬಲವಂತದಿಂದ ಫ್ಲ್ಯಾಟಿಗೆ ತರಬೇಡಿ. ಅದಕ್ಕೆ ಸಂತಾನಹರಣ, ಲಸಿಕೆ, ಹೊತ್ತಿಗೆ ಊಟ, ಮಳೆಗೆ ಒಂದು ಮರೆ, ಇಷ್ಟು ಮಾಡಿದರೆ ದೊಡ್ಡ ಉಪಕಾರ.

ಗಾಯವಾಗಿ ಬಂದರೆ, ಕಾಣದೇ ಹೋದರೆ

ಇಲಿಯ ಅಂಟುಹಲಗೆಗೆ ಸಿಕ್ಕಿದ್ದರೆ ಎಳೆದು ಬಿಡಿಸಬೇಡಿ, ಚರ್ಮ ಕಿತ್ತುಬರುತ್ತದೆ. ಅಡುಗೆ ಎಣ್ಣೆ ಹಚ್ಚಿ ನಿಧಾನಕ್ಕೆ ಸಡಿಲಿಸಿ, ಸೀಮೆಎಣ್ಣೆ, ಥಿನ್ನರ್ ಮುಟ್ಟಿಸಬೇಡಿ. ನೋವಿಗೆಂದು ಪ್ಯಾರಾಸಿಟಮಾಲ್ ಕೊಡಲೇಬೇಡಿ, ಒಂದು ಮಾತ್ರೆ ಬೆಕ್ಕನ್ನು ಕೊಲ್ಲಲು ಸಾಕು. ನಾಯಿಗೆ ಹಚ್ಚುವ ಪರ್ಮೆಥ್ರಿನ್ ಉಣ್ಣಿ ಔಷಧಿಯೂ ಹಾಗೆಯೇ. ನಿಮ್ಮನ್ನು ಕಚ್ಚಿದ್ದರೆ, ರಕ್ತ ಬರುವಂತೆ ಪರಚಿದ್ದರೆ ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ.

ಕುತ್ತಿಗೆಗೆ ಪಟ್ಟಿ ಹಾಕುವುದಾದರೆ ಎಳೆದಾಗ ಬಿಚ್ಚಿಕೊಳ್ಳುವ ಬಕಲ್ಲಿನದೇ ಬೇಕು. ಸಾದಾ ಪಟ್ಟಿ ಗ್ರಿಲ್ಲಿಗೆ ಸಿಕ್ಕಿ ಉರುಳಾಗುತ್ತದೆ. ಪಟ್ಟಿಯ ಮೇಲೆ ಫೋನ್ ನಂಬರ್ ಬರೆಯಿರಿ.

ರಾತ್ರಿ ಬಾರದ ಬೆಕ್ಕು ಸಾಮಾನ್ಯವಾಗಿ ದೂರ ಹೋಗಿರುವುದಿಲ್ಲ, ಹೆದರಿ ಸದ್ದಿಲ್ಲದೆ ಅಡಗಿರುತ್ತದೆ. ಹಗಲು ಹೆಸರು ಕೂಗಿ ಅಲೆಯುವುದಕ್ಕಿಂತ ರಾತ್ರಿ ಒಂದರಿಂದ ಮೂರರ ನಡುವೆ, ಓಡಾಟ ನಿಂತಾಗ, ವಾಚ್‌ಮನ್ ಜೊತೆ ಟಾರ್ಚ್ ಹಿಡಿದು ಹುಡುಕಿ. ಟಾರ್ಚನ್ನು ನಿಮ್ಮ ಕಣ್ಣಿನ ಮಟ್ಟದಲ್ಲಿ ಹಿಡಿದರೆ ಬೆಕ್ಕಿನ ಕಣ್ಣು ಹಸಿರಾಗಿ ಹೊಳೆದು ಕಾಣುತ್ತದೆ. ಮೀಟರ್ ರೂಮು, ಪಂಪಿನ ಮನೆ, ಮೆಟ್ಟಿಲ ಕೆಳಗೆ, ಡಕ್ಟಿನ ತಳ, ಟೆರೇಸಿನ ಟ್ಯಾಂಕಿನ ಹಿಂದೆ, ನಿಂತ ಕಾರುಗಳ ಅಡಿ. ಪ್ರತಿ ಜಾಗದಲ್ಲೂ ಅದೇ ಸ್ಟೀಲ್ ತಟ್ಟೆಗೆ ಮೂರು ಸಲ ಬಡಿದು, ಐದು ನಿಮಿಷ ಸುಮ್ಮನೆ ನಿಂತು ಕಿವಿಗೊಡಿ. ಕಂಡರೆ ಮೇಲೆ ಬೀಳಬೇಡಿ. ನೆಲದ ಮೇಲೆ ಕುಳಿತು, ತಟ್ಟೆ ಮುಂದಿಟ್ಟು, ಅದೇ ಬರಲಿ ಎಂದು ಕಾಯಿರಿ.